ರಾಶಿ ಮುಗಿಸಿ ಬರುವಷ್ಟರಲ್ಲಿ ನಂಬರ್ ಹೋಗಿರಬಾರದು

ಮಾನ್ಯ ಸಂಪಾದಕರೇ,

ವಾಸ್ಕೊ, ಮಡಗಾಂವ್ ಕಡೆ ದುಡಿಯುವ ಗದಗ, ಬಾಗಲಕೋಟೆ, ವಿಜಯಪುರದವರು ಮುಂಗಾರು ಬಿತ್ತನೆಗೆ ಊರಿಗೆ ಹೋದರೆ ಹೆಸರುಕಾಳಿನ ರಾಶಿ ಮುಗಿಸಿ ಮರಳಲು ಮೂರು ತಿಂಗಳು ದಾಟುತ್ತದೆ. ಅಷ್ಟು ದಿನ ಊರಿನ ಸಿಮ್ ನಡೆಯುತ್ತದೆ, ಗೋವಾದ್ದು ರೀಚಾರ್ಜ್ ಇಲ್ಲದೆ ಬಿದ್ದಿರುತ್ತದೆ. ಬ್ಯಾಂಕ್, ಆಧಾರ್ ಜೋಡಣೆಯಾಗಿರುವುದು ಮಾತ್ರ ಗೋವಾದ ನಂಬರಿಗೇ.

ವ್ಯಾಲಿಡಿಟಿ ಮುಗಿದ ಕೂಡಲೇ ಔಟ್‌ಗೋಯಿಂಗ್ ನಿಲ್ಲುತ್ತದೆ. ಇನ್‌ಕಮಿಂಗ್ ಇನ್ನೂ ಕೆಲವು ದಿನ ಇರುತ್ತದೆ. ಎಷ್ಟು ದಿನ ಎಂಬುದು ಕಂಪನಿಯ ಮರ್ಜಿ. ನಂಬರ್ ಮಾತ್ರ ಅಷ್ಟಕ್ಕೇ ರದ್ದಾಗುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2013ರಲ್ಲಿ ತಂದ ನಿಯಮದಂತೆ 90 ದಿನ ಬಳಕೆಯೇ ಇಲ್ಲದಿದ್ದರೆ ಮಾತ್ರ ಪ್ರಿಪೇಯ್ಡ್ ಸಿಮ್ ರದ್ದು ಮಾಡಬಹುದು. ಆಗಲೂ ಮೇನ್ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು 30 ದಿನ ಉಳಿಸಬೇಕು. ರದ್ದಾದ ಮೇಲೂ 15 ದಿನದೊಳಗೆ 20 ರೂಪಾಯಿ ಮೀರದ ಶುಲ್ಕಕ್ಕೆ ಅದೇ ನಂಬರ್ ಮರಳಿ ಸಿಗಬೇಕು.

ಜನ ಎಡವುವುದು ಈ 20 ರೂಪಾಯಿಯಲ್ಲಿ. ಸಾಮಾನ್ಯ ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸಿದರೆ ಮೇನ್ ಬ್ಯಾಲೆನ್ಸ್‌ಗೆ ಏನೂ ಸೇರುವುದಿಲ್ಲ; ಟಾಕ್‌ಟೈಮ್ ಟಾಪ್‌ಅಪ್ಪೇ ಬೇಕು. 20ರ ಟಾಪ್‌ಅಪ್ ಹಾಕಿಸಿದರೆ ಶೇ 18 ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ಹೋಗಿ ಕೈಗೆ ಬರುವುದು 14.95. ಅದು ಸಾಲದು. 30ಕ್ಕೆ 22.42 ಬರುತ್ತದೆ, ಒಂದು ತಿಂಗಳಿಗಾಯಿತು. 100 ಹಾಕಿಸಿದರೆ 81.75, ನಾಲ್ಕು ಸಲ ಮುರಿದರೂ ಸಾಲುತ್ತದೆ, ಅಂದರೆ 120 ದಿನ. ಊರಿನ ಬಸ್ ಹತ್ತುವ ಮೊದಲೇ ಇದನ್ನು ಮಾಡಿಕೊಳ್ಳಬೇಕು.

ಇಷ್ಟಾದರೂ ಉಳಿಯುವುದು ನಂಬರ್ ಮಾತ್ರ, ಇನ್‌ಕಮಿಂಗ್ ನಿಂತ ಮೇಲೆ ಒಟಿಪಿ ಬರುವುದಿಲ್ಲ. ಒಂದು ಇನ್‌ಕಮಿಂಗ್ ಕರೆ ಬಂದರೂ ಅದು ಬಳಕೆಯೇ ಎನ್ನುತ್ತದೆ ನಿಯಮ. ಇನ್‌ಕಮಿಂಗನ್ನೇ ಬಂದ್ ಮಾಡಿಟ್ಟರೆ ಬಳಕೆ ಎಲ್ಲಿಂದ ಬರಬೇಕು? ಒಟಿಪಿ ಬೇಕೇ ಬೇಕು ಎನ್ನುವವರು ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೇಳಬೇಕು. ಇಂಥದ್ದನ್ನು ಕಂಪನಿಗಳು ಕೊಡಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿದೆ, 365 ದಿನದವರೆಗಿನ ವ್ಯಾಲಿಡಿಟಿಗೂ ಅವಕಾಶ ಕೊಟ್ಟಿದೆ. ಅಂಗಡಿಯವರು ತಾವಾಗಿ ತೋರಿಸುವುದು ಕಡಿಮೆ.

ರದ್ದಾದ ನಂಬರನ್ನು 90 ದಿನ ಕಳೆದರೆ ಬೇರೆಯವರಿಗೆ ಕೊಡಬಹುದು. 2025ರ ಏಪ್ರಿಲ್‌ನಿಂದ ಬ್ಯಾಂಕುಗಳೂ ಯುಪಿಐ ಆ್ಯಪ್‌ಗಳೂ ಇಂಥ ನಂಬರ್‌ಗಳ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ನೋಡಿ ತಮ್ಮ ದಾಖಲೆ ಸರಿಪಡಿಸಬೇಕು. ಆಮೇಲೆ ಬ್ಯಾಂಕ್ ಶಾಖೆ, ಆಧಾರ್ ಕೇಂದ್ರ ಎಂದು ಕೂಲಿ ಬಿಟ್ಟು ಅಲೆಯುವುದೇ ಗತಿ.

ಆದ್ದರಿಂದ ಇನ್‌ಕಮಿಂಗ್ ಎಸ್‌ಎಂಎಸ್‌ಗೆ ಕನಿಷ್ಠ ಇಷ್ಟು ದಿನ ಎಂದು ಟ್ರಾಯ್ ಎಲ್ಲ ಕಂಪನಿಗಳಿಗೂ ಒಂದೇ ಗಡುವು ಕಟ್ಟಬೇಕು. ಔಟ್‌ಗೋಯಿಂಗ್ ನಿಲ್ಲುವ ದಿನ, ಇನ್‌ಕಮಿಂಗ್ ನಿಲ್ಲುವ ದಿನ, ನಂಬರ್ ರದ್ದಾಗುವ ದಿನ, ಈ ಮೂರನ್ನೂ ಬೇರೆ ಬೇರೆಯಾಗಿ, ಗ್ರಾಹಕರು ಕೇಳಿದ ಭಾಷೆಯಲ್ಲಿ ಮೊದಲೇ ಎಸ್‌ಎಂಎಸ್ ಮೂಲಕ ತಿಳಿಸುವುದನ್ನು ಕಡ್ಡಾಯ ಮಾಡಬೇಕು.

ಇಂತಿ,
ಓದುಗರೊಬ್ಬರು, ವಾಸ್ಕೊ, ಗೋವಾ