ಸ್ಪ್ರೇ ಪೇಂಟ್ ಡಬ್ಬಿಗೆ ಶೀಟಿನ ಕೆಳಗಿನ ಅಟ್ಟ ಜಾಗವಲ್ಲ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರ ಬಳಿ ಅರ್ಧ ಬಳಸಿದ ಸ್ಪ್ರೇ ಪೇಂಟ್ ಡಬ್ಬಿಗಳು ನಾಲ್ಕಾರಾದರೂ ಇರುತ್ತವೆ. ಮಕ್ಕಳ ಕೈಗೆ ಸಿಗದಿರಲಿ ಎಂದು ಅವನ್ನು ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಚಾವಣಿಯ ಶೀಟಿಗೆ ತಾಗುವಂತೆ ಇಡುವ ರೂಢಿಯಿದೆ. ಉದ್ದೇಶ ಸರಿ, ಜಾಗ ಮಾತ್ರ ಪೂರ್ತಿ ತಪ್ಪು. ಬಿಸಿಲಿನ ದಿನ ಆ ಕೋಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವುದು ಅದೇ ಹಲಗೆ.

ಡಬ್ಬಿಯೊಳಗೆ ಬಣ್ಣದ ಜೊತೆ ಬೇಗ ಹೊತ್ತಿಕೊಳ್ಳುವ ದ್ರಾವಕವೂ ಒತ್ತಡದಿಂದ ದ್ರವವಾಗಿರುವ ಅನಿಲವೂ ಇರುತ್ತವೆ. ಈ ಅನಿಲ ಸಾಮಾನ್ಯವಾಗಿ ಪ್ರೊಪೇನ್, ಬ್ಯುಟೇನ್ ಅಥವಾ ಡೈಮೀಥೈಲ್ ಈಥರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವ ಒತ್ತಡ 50 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ‘50 ಡಿಗ್ರಿ ಮೀರಬಾರದು’ ಎಂದು ಡಬ್ಬಿಯ ಮೇಲೆ ಮುದ್ರಿಸುವುದು ಈ ಕಾರಣಕ್ಕೇ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೂ ಈ ಮಿತಿ ಸುಲಭವಾಗಿ ದಾಟುತ್ತದೆ.

ಡಬ್ಬಿಯ ತಳವನ್ನು ಒಮ್ಮೆ ತಿರುಗಿಸಿ ನೋಡಿ. ಅದು ಒಳಕ್ಕೆ ಬಾಗಿರುತ್ತದೆ. ಆ ಬಾಗು ಸಪಾಟಾಗಿದ್ದರೆ ಅಥವಾ ಹೊರಕ್ಕೆ ಉಬ್ಬಿದ್ದರೆ ಒಳಗಿನ ಒತ್ತಡ ಮಿತಿ ಮೀರಿತ್ತೆಂದೇ ಅರ್ಥ. ಅಂಥದ್ದು ಇನ್ನೂ ಬಿಸಿಯಿದ್ದರೆ ಮುಟ್ಟಲೇಬೇಡಿ, ಕೋಣೆಯ ಬಾಗಿಲು ತೆರೆದಿಟ್ಟು ದೂರ ಸರಿಯಿರಿ. ತಣ್ಣಗಾದ ಮೇಲೂ ಅದನ್ನು ಮತ್ತೆ ಬಳಸಬಾರದು.

ಶಾಖದಷ್ಟೇ ಕಾಡುವುದು ಸೋರಿಕೆ. ಜನ ಇದನ್ನು ಲಘುವಾಗಿ ಎಣಿಸುತ್ತಾರೆ, ಲೆಕ್ಕ ಹಾಕಿದರೆ ಹಾಗನ್ನಿಸದು. 100 ಗ್ರಾಂ ಅನಿಲ ಸೋರಿದರೆ ಸುಮಾರು 45 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ಅದು ಶೇ 2ರಷ್ಟು ಬೆರೆತರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಂದರೆ ಎರಡು ಘನ ಮೀಟರ್‌ಗೂ ಹೆಚ್ಚು ಗಾಳಿ ಅಪಾಯಕಾರಿ ಮಿಶ್ರಣವಾಗಲು ಅಷ್ಟು ಸಾಕು. ಗಾಳಿಯಾಡದ ಬೀರುವಿನೊಳಗೆ ಒಂದೇ ಡಬ್ಬಿ ಸೋರಿದರೂ ಆಗುವುದೇನೆಂದು ಇದರಿಂದಲೇ ತಿಳಿಯುತ್ತದೆ. ಈ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲ ಹಿಡಿದು ಹರಿದು, ದೂರದ ಗ್ರೈಂಡರ್ ಕಿಡಿಯನ್ನೋ ಗ್ಯಾಸ್ ಗೀಸರ್ ಜ್ವಾಲೆಯನ್ನೋ ಮುಟ್ಟಬಲ್ಲದು. ಕಿಟಕಿ ತೆರೆದಿದೆಯಲ್ಲ ಎಂದು ನಂಬಿ ಕೂರಬಾರದು. ಗಾಳಿಗಂಡಿ ನೆಲಮಟ್ಟದಲ್ಲೂ ಇರಬೇಕು.

ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯ ವ್ಯವಸ್ಥೆ ಇದು: ಮನೆಯ ಹೊರಗೆ, ದಿನವಿಡೀ ನೆರಳಿರುವ ಗೋಡೆಯ ಪಕ್ಕ, ಮಳೆ ತಾಗದಂತೆ ಮೇಲೆ ಮುಚ್ಚಿಗೆಯಿರುವ, ಜಾಲರಿ ಬಾಗಿಲಿನ ಕಬ್ಬಿಣದ ಪೆಟ್ಟಿಗೆ. ಅದಕ್ಕೊಂದು ಬೀಗ. ಸೋರಿದ ಅನಿಲ ಅಲ್ಲಿ ಕಟ್ಟಿಕೊಳ್ಳುವುದಿಲ್ಲ, ಮಕ್ಕಳ ಕೈಗೂ ಸಿಗುವುದಿಲ್ಲ. ಬೆಂಕಿ ಬಿದ್ದಾಗ ಈ ಡಬ್ಬಿಗಳು ಸಿಡಿದು ರಾಕೆಟ್‌ನಂತೆ ಹಾರುತ್ತವೆ. ದೊಡ್ಡ ಗೋದಾಮುಗಳಲ್ಲಿ ಇವನ್ನು ತಂತಿಜಾಲರಿಯೊಳಗೆ ಇಡುವುದು ಹಾಗೆ ಹಾರದಂತೆ ತಡೆಯಲು. ಒಳಗೇ ಇಡಬೇಕಾದರೆ ವೆಲ್ಡಿಂಗ್, ಗ್ರೈಂಡಿಂಗ್ ಜಾಗದಿಂದ ಕನಿಷ್ಠ 3 ಮೀಟರ್ ದೂರವಿರಲಿ. ಹೊರಹೋಗುವ ಬಾಗಿಲಿನ ಪಕ್ಕದಲ್ಲಂತೂ ಬೇಡ. ಚಾರ್ಜರ್, ಇನ್ವರ್ಟರ್ ಬ್ಯಾಟರಿಗಳ ಹತ್ತಿರವೂ ಬೇಡ. ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಅಡ್ಡಲಾಗಿ ಡಬ್ಬಿ ಉರುಳಿದರೆ ಶಾರ್ಟ್ ಆಗಿ, ತಗಡು ತೂತಾಗಿ, ಅದೇ ಕಿಡಿಗೆ ಅನಿಲ ಹೊತ್ತಿಕೊಳ್ಳುತ್ತದೆ. ತಂಪಾಗಿರಲೆಂದು ಅಡುಗೆಮನೆಯ ಫ್ರಿಜ್‌ಗೆ ಹಾಕುವುದೂ ತಪ್ಪು, ಅದರ ಥರ್ಮೋಸ್ಟಾಟ್ ಸ್ವಿಚ್ಚಿನಲ್ಲೂ ಕಿಡಿ ಏಳಬಹುದು.

ತೇವದ ಸಿಮೆಂಟ್ ನೆಲದ ಮೇಲಿಟ್ಟರೆ ತಳದ ಅಂಚಿಗೆ ಮೊದಲು ತುಕ್ಕು ಹತ್ತುತ್ತದೆ. ಅಲ್ಲಿ ಸೂಜಿಮೊನೆಯಷ್ಟು ತೂತಾದರೂ ಡಬ್ಬಿಯಲ್ಲಿದ್ದುದೆಲ್ಲ ಹೊರಬರುತ್ತದೆ. ನೆಲದಿಂದ 15 ಸೆಂಟಿಮೀಟರ್ ಎತ್ತರದ ಹಲಗೆ ಹಾಕಿ, ತಿಂಗಳಿಗೊಮ್ಮೆ ತಳದ ಅಂಚಿನ ಸುತ್ತ ಬೆರಳಾಡಿಸಿ ನೋಡಿ. ವಾಲ್ವ್ ಮೇಲೆ ಅನುಮಾನವಿದ್ದರೆ ನಾಝಲ್ ತೆಗೆದು ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ.

ನಾಝಲ್ ಕಟ್ಟದಿರಲೆಂದು ಕೆಲವರು ತಲೆಕೆಳಗಾಗಿ ಇಡುತ್ತಾರೆ. ಇದು ಬೇಡ. ನೆಟ್ಟಗಿದ್ದಾಗ ವಾಲ್ವ್ ಸುತ್ತಲಿನ ಅಂಚು ಸೋರಿದರೆ ಬರುವುದು ಆವಿ. ತಲೆಕೆಳಗಾಗಿದ್ದರೆ ಬರುವುದು ದ್ರವ, ಅದು ಹೊರಬಂದು ಇನ್ನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ನಾಝಲ್ ಶುಚಿಯಾಗಿರಬೇಕಾದರೆ ಕೆಲಸ ಮುಗಿದೊಡನೆ ಬಯಲಲ್ಲಿ ಡಬ್ಬಿ ಬೋರಲು ಹಿಡಿದು (ಆಗ ವಾಲ್ವ್‌ಗೆ ಬಣ್ಣ ತರುವ ಒಳಕೊಳವೆಯ ತುದಿ ಅನಿಲದಲ್ಲಿರುತ್ತದೆ), ಬಣ್ಣ ನಿಂತು ಬರೀ ಅನಿಲ ಬರುವವರೆಗೆ ಎರಡು ಮೂರು ಸೆಕೆಂಡ್ ಒತ್ತಿದರೆ ಸಾಕು. ಕಟ್ಟಿಕೊಂಡ ನಾಝಲ್ಲನ್ನು ಕಿತ್ತು ತಿನ್ನರ್‌ನಲ್ಲಿ ನೆನೆಸಿ. ಡಬ್ಬಿಯ ಮೇಲಿರುವಾಗಲೇ ಪಿನ್ ಚುಚ್ಚಬೇಡಿ. ಮುಚ್ಚಳ ಹಾಕಿಯೇ ಇಡಿ, ಮೇಲೆ ಏನಾದರೂ ಬಿದ್ದು ನಾಝಲ್ ಒತ್ತಿಹೋಗದಿರಲು ಅದೊಂದೇ ರಕ್ಷಣೆ.

ಚಳಿಯಲ್ಲಿ ಬಣ್ಣ ಸರಿಯಾಗಿ ಚಿಮ್ಮದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ನಿಲ್ಲಿಸಿ. ಕುದಿಯುವ ನೀರು, ಹೀಟರ್, ಒಲೆ ಇವಾವುದೂ ಬೇಡ.

ಖಾಲಿಯಾದ ಡಬ್ಬಿಯಲ್ಲೂ ಅನಿಲ ಉಳಿದಿರುತ್ತದೆ. ತೂತು ಮಾಡಬೇಡಿ, ಸುಡಬೇಡಿ. ಬಯಲಲ್ಲಿ ‘ಸುಯ್’ ಸದ್ದು ನಿಲ್ಲುವವರೆಗೆ ಒತ್ತಿ, ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ.

– ಪೇಂಟಿಂಗ್ ಕೆಲಸದಲ್ಲಿರುವ ಓದುಗರು