7 ಗಂಟೆಯ ಕಾರ್ಟೂನು

ಮೆಲ್ಬರ್ನ್
10 ಸೆಪ್ಟೆಂಬರ್ 2020

ಪ್ರೀತಿಯ ಅಕ್ಕ,

ದಿನಾ ಫೋನ್ ಮಾಡುವವ ಪತ್ರ ಯಾಕೆ ಬರೆದ ಅಂತ ಗಾಬರಿಯಾಗಬೇಡ. ಇದರ ಜೊತೆಗಿರುವ ಕಾರ್ಟೂನುಗಳು ಅಪ್ಪನಿಗೆ. ಮೊಬೈಲಿನಲ್ಲಿ ಅಕ್ಷರ ಕಾಣುವುದಿಲ್ಲ ಅಂತ ಗೊಣಗುತ್ತಿದ್ದರಲ್ಲ, ಅದಕ್ಕೇ ಬರೆದ ಹಾಳೆಗಳನ್ನೇ ಕಳಿಸಿದ್ದೇನೆ. ವಿಮಾನಗಳೇ ಕಡಿಮೆ. ಧಾರವಾಡ ಯಾವಾಗ ಮುಟ್ಟುತ್ತವೋ ನೋಡೋಣ.

ಇಲ್ಲಿ ಇನ್ನೂ ಬಿಗಿ ಲಾಕ್‌ಡೌನ್. ರಾತ್ರಿ 8 ರಿಂದ ಬೆಳಿಗ್ಗೆ 5 ರವರೆಗೆ ಕರ್ಫ್ಯೂ. ಮನೆಯಿಂದ 5 ಕಿಲೋಮೀಟರ್ ಆಚೆ ಹೋಗುವಂತಿಲ್ಲ. ಅಡ್ಡಾಡಲು ದಿನಕ್ಕೆ ಒಂದೇ ತಾಸು. ಮಾಸ್ಕ್ ಇಲ್ಲದಿದ್ದರೆ 200 ಡಾಲರ್ ದಂಡ. ಆಫೀಸಿನ ಕೆಲಸ ಅರ್ಧಕ್ಕೆ ಇಳಿದಿದೆ, ಸಂಬಳವೂ. ಹುಬ್ಬಳ್ಳಿಯ ಪೇಪರ್ ಬಿಟ್ಟ ಮೇಲೆ ನಿಂತುಹೋಗಿದ್ದ ದಿನದ ಕಾರ್ಟೂನು ಮತ್ತೆ ಶುರುವಾಗಿದ್ದು ಹೀಗೆ.

ಸ್ಫೂರ್ತಿ ಗಿಫೂರ್ತಿ ಏನಿಲ್ಲ. ದಿನಾ ಒಂದು ಚಿತ್ರ ಹೊರಡಬೇಕೆಂದರೆ ಯಾರಾದರೂ ಅದಕ್ಕಾಗಿ ಕಾಯುತ್ತಿರಬೇಕು, ಅಷ್ಟೆ. ಆಗ ಡೆಸ್ಕಿನವರು ತಲೆ ಮೇಲೆ ನಿಂತಿರುತ್ತಿದ್ದರು, ಈಗ ಅಪ್ಪ. ನಿಮ್ಮ ಬೆಳಗಿನ 7 ಗಂಟೆ ನನಗೆ 11.30. ಅಷ್ಟರೊಳಗೆ ಕಳಿಸದಿದ್ದರೆ "ಚಹಾ ಆತು, ಎಲ್ಲೈತಿ ನಿನ್ನ ಚಿತ್ರ?" ಅಂತ ಮೆಸೇಜ್ ಬಂದೇ ಬಿಡುತ್ತದೆ. ಕಳಿಸಿದರೆ ಒಮ್ಮೊಮ್ಮೆ "ಛಲೋ ಐತಿ". ಇಲ್ಲದಿದ್ದರೆ ಸುಮ್ನೆ ಎರಡು ನೀಲಿ ಗೆರೆ.

ತ್ರಾಸು ಇರುವುದು ಮಾಸ್ಕಿನದು. ಕಾರ್ಟೂನಿನ ಅರ್ಧ ಮಜಾ ಬಾಯಲ್ಲಿರುತ್ತದೆ. ಹಲ್ಲು ಕಡಿಯುವುದು, ತುಟಿ ಸೊಟ್ಟ ಮಾಡುವುದು, ಹಲ್ಕಿರಿಯುವುದು ಎಲ್ಲ ಹೋಯಿತು. ಉಳಿದದ್ದು ಹುಬ್ಬು, ಹೆಗಲು, ಕೈ. ಆಮೇಲೆ ಕಿವಿ. ಮಾಸ್ಕಿನ ದಾರ ಕಿವಿಯನ್ನು ಮುಂದಕ್ಕೆ ಎಳೆಯುತ್ತದೆ, ಗಮನಿಸಿದ್ದೀಯಾ? ಎಂಥ ಗಂಭೀರ ಮನುಷ್ಯನೂ ಅಲ್ಲಿ ಸಿಕ್ಕಿಬೀಳುತ್ತಾನೆ. ಮಾಸ್ಕನ್ನು ಗದ್ದಕ್ಕೆ ಇಳಿಸಿ ಕಾಯಿಪಲ್ಯೆ ಚೌಕಾಶಿ ಮಾಡುವವರು ಊರಿಗೆ ಕೆಟ್ಟವರಿರಬಹುದು, ನನ್ನ ಪಾಲಿಗೆ ದೇವರು. ಆರ್.ಕೆ. ಲಕ್ಷ್ಮಣ್ ಅವರ ಕಾರ್ಟೂನಿನಲ್ಲಿ ಬರುವ ಕಾಮನ್ ಮ್ಯಾನ್‌ಗೆ ಮಾತ್ರ ಮಾಸ್ಕಿನಿಂದ ಏನೂ ನಷ್ಟವಿಲ್ಲ. 1951 ರಿಂದಲೂ ಆತ ಬಾಯಿ ಬಿಟ್ಟವನಲ್ಲ.

ಒಂದು ಹಟ ಇಟ್ಟುಕೊಂಡಿದ್ದೇನೆ. ಕೊರೊನಾ ಅಂತ ಎಲ್ಲರೂ ಬರೆಯುವ ಮುಳ್ಳಿನ ಚೆಂಡು ಬರೆಯುವುದಿಲ್ಲ. ಆ ಬೂದು ಬಣ್ಣದ ಚೆಂಡು, ಕೆಂಪು ಮುಳ್ಳು ಇದೆಯಲ್ಲ, ಅದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಲಿಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್ ಮಾಡಿದ ಚಿತ್ರ. ನಿಜವಾದ ವೈರಸ್ಸಿಗೆ ಬಣ್ಣವೇ ಇಲ್ಲ. ನಮ್ಮ ಕಣ್ಣಿಗೆ ಬಣ್ಣ ತೋರಿಸುವ ಬೆಳಕಿನ ಅಲೆಗಿಂತಲೂ ಅದು ಸಣ್ಣದು. ಕಾಣದ್ದನ್ನು ಜನರಿಗೆ ಕಾಣುವ ಹಾಗೆ ಮಾಡಿದ್ದು ದೊಡ್ಡ ಕೆಲಸವೇ. ಆದರೆ ಕಾರ್ಟೂನಿಸ್ಟರಿಗೆ ಪುಕ್ಕಟೆ ರಾಕ್ಷಸ ಸಿಕ್ಕಿಬಿಟ್ಟ. ಎರಡು ಕಣ್ಣು, ಕೋರೆಹಲ್ಲು ಹಚ್ಚಿದರೆ ಅವತ್ತಿನ ಕೆಲಸ ಮುಗಿಯಿತು. ಗಣಪ್ಪನ ಸೊಂಡಿಲಿಗೆ ಮಾಸ್ಕ್ ಹಾಕುವುದೂ ಹಾಗೇ. ಈ ಚೌತಿಗೆ ನನ್ನ ಫೋನಿಗೇ ಎಷ್ಟು ಬಂದವೋ!

ನನಗೆ ಬೇಕಾದ ಸರಕು ನಿನ್ನ ಹತ್ತಿರ ಇದೆ. ವಿದ್ಯಾಗಮ ಅಂತ ಈಗ ನೀವು ಟೀಚರುಗಳೇ ಮಕ್ಕಳ ಓಣಿಗೆ ಹೋಗಿ, ಗುಡಿಯಲ್ಲಿ, ಗಿಡದ ಕೆಳಗೆ ಪಾಠ ಮಾಡುತ್ತೀರಲ್ಲ, ಅದನ್ನು ಬರೆಯಬೇಕು. ಸ್ವಲ್ಪ ಸರಿಯಾಗಿ ನೋಡಿ ಹೇಳು. ಹಲಗೆ ಎಲ್ಲಿ ಆನಿಸುತ್ತೀರಿ? ಚಪ್ಪಲಿ ಎಲ್ಲಿ ಬಿಡುತ್ತಾರೆ? ಕಟ್ಟೆ ಮೇಲೆ ದಿನಾ ಕೂಡುವ ಹಿರಿಯರು ಎದ್ದು ಹೋದರೋ, ಹಿಂದಿನ ಸಾಲಿನಲ್ಲಿ ಕೂತು ಮಗ್ಗಿ ಕೇಳುತ್ತಾರೋ? ನನ್ನ ತಲೆಯಲ್ಲಿ ಇರುವುದು ಇಷ್ಟು: ಪೂಜಾರಿ ಮಂಗಳಾರತಿಗೆ ಗಂಟೆ ಬಾರಿಸಿದ, ಮಕ್ಕಳೆಲ್ಲ ಸಾಲಿ ಬಿಟ್ಟಿತು ಅಂತ ಚೀಲ ಹೆಗಲಿಗೇರಿಸಿ ಓಟ ಕಿತ್ತವು. ಟೀಚರ್ ಕೈಯಲ್ಲಿ ಸೀಮೆಸುಣ್ಣ ಹಾಗೇ ಇದೆ. ಟೀಚರಿಗೆ ನಿನ್ನ ಕನ್ನಡಕ ಹಾಕಲೋ ಬೇಡವೋ ನೀನೇ ಹೇಳು. ನಿಮ್ಮ ಮೇಲಿನವರು ಕೇಳುವಂತಿದ್ದರೆ ಮನೆಮಂದಿಗಷ್ಟೇ ಇಡುತ್ತೇನೆ.

ಅವ್ವನಿಗೆ ಹೇಳು, ಶೇಂಗಾ ಚಟ್ನಿ ಪುಡಿ ಇನ್ನೂ ಇದೆ, ಕಳಿಸುವ ಗದ್ದಲ ಬೇಡ. ಅಪ್ಪ ಸಂಜೆ ಸಾಧನಕೇರಿ ಕಡೆ ಅಡ್ಡಾಡಲು ಹೋದರೆ ಮಾಸ್ಕ್ ಮೂಗಿನ ಮೇಲಿರಲಿ.

ಹಾಂ, ಅಕ್ಟೋಬರ್ 4 ರಿಂದ ಇಲ್ಲಿ ಗಡಿಯಾರ ಒಂದು ತಾಸು ಮುಂದೆ ಹೋಗುತ್ತದೆ. ನಿಮ್ಮ 7 ಗಂಟೆ ನನಗೆ 12.30 ಆಗುತ್ತದೆ. ಇದನ್ನು ಅಪ್ಪನಿಗೆ ಹೇಳಬೇಡ. ಒಂದು ತಾಸು ಜಾಸ್ತಿ ಸಿಕ್ಕಿದೆ ಅಂತ ಗೊತ್ತಾದರೆ ಬಣ್ಣವನ್ನೂ ಹಚ್ಚು ಅಂತಾರೆ.

ನಿನ್ನ ತಮ್ಮ