ಕ್ಲಾಕಮಸ್ ನದಿ ದಂಡೆಯ ಡಬ್ಬಿ

ಪ್ರೀತಿಯ ಸೀನ,

"ಕಾಡಲ್ಲಿ ಡಬ್ಬಿ ಹುಡುಕೋಕೆ ಅಮೆರಿಕಕ್ಕೆ ಹೋಗಬೇಕಿತ್ತಾ?" ಅಂತ ಫೋನಲ್ಲಿ ಕಾಲೆಳೆದೆಯಲ್ಲ, ಒಬ್ಬರು ಬಚ್ಚಿಟ್ಟ ಡಬ್ಬಿಯನ್ನು ಇನ್ನೊಬ್ಬರು ಜಿಪಿಎಸ್ ಹಿಡಿದು ಹುಡುಕುವ ಈ ಜಿಯೋಕ್ಯಾಶಿಂಗ್ ಆಟ ಹುಟ್ಟಿದ್ದೇ ಇಲ್ಲಿ ಕಣೋ, ನಮ್ಮ ಒರೆಗಾನ್ ರಾಜ್ಯದಲ್ಲಿ.

2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಅದು ನಿಂತದ್ದೇ ತಡ, ಮೇ 3ರಂದು ಡೇವ್ ಅಲ್ಮರ್ ಎಂಬಾತ ಪೋರ್ಟ್‌ಲ್ಯಾಂಡ್‌ನ ಆಚೆ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ ಬಚ್ಚಿಟ್ಟು, ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕಿದ. ಒಳಗೆ ಪುಸ್ತಕ, ಸ್ವಲ್ಪ ದುಡ್ಡು, ಕವಣೆ, ಜೊತೆಗೆ ಒಂದು ಡಬ್ಬಿ ಬೀನ್ಸ್! ಈಗ ಅಲ್ಲೊಂದು ಫಲಕ ಇದೆ. ನೋಡಿದರೆ ಆಯಿತು, ಅಷ್ಟೇ.

ನನಗೆ ಹುಚ್ಚು ಹಿಡಿಸಿದ್ದು ಅದೇ ಸೀಮೆಯಲ್ಲಿ ಹರಿಯುವ ಕ್ಲಾಕಮಸ್ ನದಿ. ಎಸ್ಟಕಾಡಾ ಊರಿನ ಹತ್ತಿರ ದಂಡೆಯ ತುಂಬ ಎತ್ತರದ ಡಗ್ಲಸ್ ಫರ್ ಮರಗಳು. ಅವುಗಳ ಕೆಳಗೆ ಜಿಪಿಎಸ್‌ಗೆ ತಲೆ ಕೆಡುತ್ತದೆ. ಬಾಣದ ಗುರುತು ಒಮ್ಮೆ ನೀರಿನ ಕಡೆ, ಒಮ್ಮೆ ಗುಡ್ಡದ ಕಡೆ. ಆಮೇಲೆ ಕಣ್ಣೇ ಗತಿ. ನಾನು ಹೀಗೆ ಬೇರಿನ ಸಂದಿಯಲ್ಲಿ ಕೈ ಹಾಕುತ್ತಿದ್ದಾಗ ನೀರಲ್ಲಿ ನಿಂತು ಗಾಳ ಹಾಕುತ್ತಿದ್ದ ಅಜ್ಜ ಒಬ್ಬರು, "ಏನು ಕಳೆದುಕೊಂಡೆ?" ಅಂದರು. ಡಬ್ಬಿ ಅಂದೆ. ನಕ್ಕುಬಿಟ್ಟರು.

ಅವರು ಕಾಯುತ್ತಿದ್ದದ್ದು ಸ್ಟೀಲ್‌ಹೆಡ್ ಮೀನಿಗೆ. ಅದು ರೇನ್‌ಬೋ ಟ್ರೌಟ್‌ನ ಜಾತಿಯೇ, ಆದರೆ ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ಹೊಳೆಗೆ ವಾಪಸ್ ಬರುತ್ತದೆ. ಇಲ್ಲಿನ ಸಾಮನ್ ಮೀನು ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ. ಸ್ಟೀಲ್‌ಹೆಡ್ ಬದುಕುಳಿದರೆ ಮತ್ತೆ ಸಮುದ್ರಕ್ಕೆ ಹೋಗಿ ಇನ್ನೊಮ್ಮೆ ಬರಬಹುದು. ದಾರಿಯಲ್ಲಿ ಅಣೆಕಟ್ಟುಗಳಿವೆ. ನಾರ್ತ್ ಫೋರ್ಕ್ ಅಣೆಕಟ್ಟು ದಾಟಿಸಲು ಮೀನಿಗೆಂದೇ ಕಟ್ಟಿದ ಮೆಟ್ಟಿಲುಕಾಲುವೆ ಹೆಚ್ಚುಕಡಿಮೆ ಎರಡು ಮೈಲಿ ಉದ್ದ!

ಅಜ್ಜನಿಗೆ ಒಂದು ಸಿಕ್ಕಿತು. ಬೆನ್ನ ಮೇಲೆ, ಬಾಲದ ಹತ್ತಿರದ ಪುಟ್ಟ ರೆಕ್ಕೆ ನೋಡಿದರು, ಬಿಟ್ಟುಬಿಟ್ಟರು. ಸಾಕಣೆ ಕೇಂದ್ರದಲ್ಲಿ ಬೆಳೆದ ಮೀನಾದರೆ ಆ ರೆಕ್ಕೆ ಕತ್ತರಿಸಿರುತ್ತಾರೆ, ಅದನ್ನು ಮನೆಗೆ ಒಯ್ಯಬಹುದು. ರೆಕ್ಕೆ ಇದ್ದರೆ ಕಾಡುಮೀನು, ಇಟ್ಟುಕೊಳ್ಳುವಂತಿಲ್ಲ. ಅಷ್ಟು ಹೊತ್ತು ಚಳಿನೀರಲ್ಲಿ ನಿಂತು ಹಿಡಿದದ್ದನ್ನು ಬಿಟ್ಟರೂ ಅವರ ಮುಖದಲ್ಲಿ ಬೇಸರವೇ ಇಲ್ಲ. ನನ್ನದೂ ಅದೇ ಕತೆ ಅಲ್ವಾ? ಡಬ್ಬಿ ಸಿಕ್ಕಿತು, ಹುಡುಕಿದವರು ಹೆಸರು ಬರೆಯಲೆಂದು ಒಳಗಿಟ್ಟ ಪುಸ್ತಕದಲ್ಲಿ ಹೆಸರು ಬರೆದೆ, ಇದ್ದಲ್ಲೇ ಇಟ್ಟೆ.

ಎಲ್ಲ ಡಬ್ಬಿಯೂ ಹೀಗಿರುವುದಿಲ್ಲ ಬಿಡು. ಅಂಗಡಿಯ ಪಾರ್ಕಿಂಗ್‌ನಲ್ಲಿ ದೀಪದ ಕಂಬದ ಬುಡಕ್ಕೆ ಸಿಕ್ಕಿಸಿರುತ್ತಾರೆ. ಅಂಥದ್ದಕ್ಕೆ ನಾನು ಹೋಗುವುದನ್ನೇ ಬಿಟ್ಟಿದ್ದೇನೆ. ಜಾಗ ನೋಡಿ ಇಟ್ಟವರ ಡಬ್ಬಿ ಹುಡುಕಬೇಕು.

ನೀನು ಏಪ್ರಿಲ್ ಹೊತ್ತಿಗೆ ಬಂದರೆ ಸ್ಟೀಲ್‌ಹೆಡ್ ಇನ್ನೂ ಇರುತ್ತದೆ, ಸಾಮನ್ ಶುರುವಾಗುತ್ತದೆ. ಕೆಲವು ಡಬ್ಬಿಗಳಲ್ಲಿ ಪುಟ್ಟ ಸಾಮಾನೂ ಇರುತ್ತದೆ, ಒಂದು ತೆಗೆದರೆ ಅಷ್ಟೇ ಬೆಲೆಯದ್ದು ಹಾಕಬೇಕು. ತಿಂಡಿ ಇಡುವಂತಿಲ್ಲ, ಪ್ರಾಣಿಗಳು ವಾಸನೆ ಹಿಡಿದು ಬರುತ್ತವೆ. ಚನ್ನಪಟ್ಟಣದ ಬುಗುರಿ ಒಂದಷ್ಟು ತಾ. ಚಿಕ್ಕವನ್ನೇ ಆರಿಸು, ಎಷ್ಟೋ ಡಬ್ಬಿಗಳು ಬೆರಳುದ್ದವೂ ಇರುವುದಿಲ್ಲ.

ನಿನ್ನ,
ರಾಜ